ಆಮೇಲೆ ಬಂದ ಮಗುವನ್ನು ಎಮರ್ಜೆನ್ಸಿಯಲ್ಲಿ ಮೊದಲು ನೋಡುವುದು ಯಾಕೆ?

ನೀವು ಕೇಳಿರುವುದು ಇಷ್ಟು: ಎರಡು ವರ್ಷದ ಮಗಳಿಗೆ 103 ಡಿಗ್ರಿ ಜ್ವರ. ಸಕಲೇಶಪುರ ತಾಲ್ಲೂಕಿನ ಹಾನಬಾಳು ಕಡೆಯ ಎಸ್ಟೇಟಿನಿಂದ ಹಾಸನಕ್ಕೆ ಕರೆದುಕೊಂಡು ಬಂದಿರಿ. ಅವಳು ಕಿರುಚಿ ಅಳುತ್ತಿದ್ದರೂ ಹೊರಗೇ ಕೂರಿಸಿದರು. ನಿಮ್ಮ ಹಿಂದೆ ಬಂದ, ಅಳುತ್ತಲೂ ಇರದ ಮಗುವನ್ನು ಸೀದಾ ಒಳಗೆ ಕರೆದುಕೊಂಡು ಹೋದರು. ಇದು ಶಿಫಾರಸ್ಸಾ? ಮುಂದಿನ ಸಲ ಸಕಲೇಶಪುರಕ್ಕೆ ಹೋಗಬೇಕಾ, ನೇರ ಹಾಸನಕ್ಕೆ ಬರಬೇಕಾ?

ನಾನು ಇದೇ ಜಿಲ್ಲೆಯಲ್ಲಿ ಮಕ್ಕಳ ಎಮರ್ಜೆನ್ಸಿಯಲ್ಲಿ ಸ್ಟಾಫ್ ನರ್ಸ್. ಶಿಫಾರಸ್ಸು ನಡೆಯುವುದೇ ಇಲ್ಲ ಅಂತ ಹೇಳಲ್ಲ. ಆದರೆ ‘ಅಳುತ್ತಲೂ ಇರಲಿಲ್ಲ’ ಅಂತ ನೀವೇ ಬರೆದಿದ್ದೀರಲ್ಲ, ಕಾರಣ ಬಹುಶಃ ಅದೇ. ಮಗು ಜೋರಾಗಿ ಅಳಬೇಕಾದರೆ ಉಸಿರಿನ ದಾರಿ ತೆರೆದಿರಬೇಕು, ಎದೆಯಲ್ಲಿ ಗಾಳಿ ಇರಬೇಕು, ಮೈಮೇಲೆ ಎಚ್ಚರ ಇರಬೇಕು. ಅಮ್ಮನ ಹೆಗಲ ಮೇಲೆ ತಲೆ ಹಾಕಿ, ಕೈ ಜೋತು ಬಿದ್ದು, ಕರೆದರೂ ಕಣ್ಣು ತಿರುಗಿಸದ ಮಗು ಬಂದರೆ ನಾವು ಚೀಟಿ ಕೂಡ ಕೇಳುವುದಿಲ್ಲ.

ಮೊದಲ ನೋಟಕ್ಕೆ ಸ್ಟೆತಸ್ಕೋಪ್ ಬೇಡ, ಮಗುವನ್ನು ಮುಟ್ಟುವುದೂ ಬೇಡ. ಅರ್ಧ ನಿಮಿಷದಲ್ಲಿ ಮೂರು ವಿಷಯ ನೋಡುತ್ತೇವೆ: ಮಗುವಿನ ಚಟುವಟಿಕೆ, ಉಸಿರಾಟಕ್ಕೆ ಪಡುವ ಕಷ್ಟ, ಮೈ ಬಣ್ಣ. ಇದಕ್ಕೆ ಪೀಡಿಯಾಟ್ರಿಕ್ ಅಸೆಸ್‌ಮೆಂಟ್ ಟ್ರಯಾಂಗಲ್ ಅನ್ನುತ್ತಾರೆ. ದೂರದಿಂದ ಸುಮ್ನೆ ನೋಡಿ ಹೋದರು ಅಂತ ಬೇಜಾರು ಮಾಡಿಕೊಂಡಿದ್ದೀರಿ. ಆ ನೋಟವೇ ಪರೀಕ್ಷೆ. ಹತ್ತಿರ ಹೋಗಿ ಮುಟ್ಟಿದರೆ ಮಗು ಹೆದರಿ ಅಳುತ್ತದೆ, ಆಮೇಲೆ ಉಸಿರೂ ಎಣಿಸಲಿಕ್ಕಾಗಲ್ಲ, ನಾಡಿಯೂ ಸರಿ ಸಿಗಲ್ಲ.

ಉಸಿರಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ದೊಡ್ಡವರ ಹೃದಯ ಇದ್ದಕ್ಕಿದ್ದಂತೆ ನಿಲ್ಲಬಹುದು. ಮಕ್ಕಳಲ್ಲಿ ಹೆಚ್ಚಾಗಿ ಉಸಿರು ಸೋತ ಮೇಲೆಯೇ ಹೃದಯ ಸೋಲುವುದು. ಹಾಗಾಗಿ ಉಸಿರು ಸೋಲುವ ಮೊದಲೇ ಹಿಡಿಯಬೇಕು. ಮಲೆನಾಡಿನ ಮಳೆಗೆ ಎರಡು ಸ್ವೆಟರ್, ಟೋಪಿ, ಮೇಲೊಂದು ಶಾಲು ಸುತ್ತಿಕೊಂಡು ಬರುತ್ತಾರೆ, ಒಳಗೆ ಪಕ್ಕೆ ಸೆಳೆಯುತ್ತಿರುವುದು ಯಾರಿಗೂ ಕಂಡಿರುವುದಿಲ್ಲ. ಮನೆಯಲ್ಲಿ ಮಗು ಮಲಗಿರುವಾಗ ಅಂಗಿ ಎತ್ತಿ ನೋಡಿ. ಉಸಿರು ಒಳಗೆ ತೆಗೆದುಕೊಳ್ಳುವಾಗ ಪಕ್ಕೆಲುಬಿನ ಕೆಳಗಡೆ ಗುಳಿ ಬೀಳುತ್ತಿದೆಯಾ? ಮೂಗಿನ ಹೊಳ್ಳೆ ಅರಳುತ್ತಿದೆಯಾ? ನರಳುವ ಹಾಗೆ ಸದ್ದು ಬರುತ್ತಿದೆಯಾ? ಮೊಬೈಲ್‌ನಲ್ಲಿ ಟೈಮ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಒಂದರಿಂದ ಐದು ವರ್ಷದವರಿಗೆ 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ವೇಗದ ಉಸಿರಾಟ. ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಅದಕ್ಕಿಂತ ಚಿಕ್ಕ ಕೂಸಿಗೆ 60. ಜ್ವರಕ್ಕೂ ಉಸಿರು ಜೋರಾಗುತ್ತದೆ, ಅದಕ್ಕೇ ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಆದರೆ ಪಕ್ಕೆ ಸೆಳೆಯುತ್ತಿದ್ದರೆ ಎಣಿಸುತ್ತಾ ಕೂರಬೇಡಿ, ಹೊರಡಿ.

ಬಣ್ಣವನ್ನು ನಮ್ಮ ಕಂದು ಮೈಯಲ್ಲಿ ಕೆನ್ನೆ ನೋಡಿ ಹೇಳಲಿಕ್ಕಾಗಲ್ಲ. ತುಟಿ, ನಾಲಿಗೆ, ಅಂಗೈ ನೋಡಬೇಕು. ಆಮೇಲೆ ಎದೆಯ ಮಧ್ಯ ಬೆರಳು ಒತ್ತಿ ಬಿಡುತ್ತೇವೆ. ಬಿಳಿಚಿದ ಜಾಗಕ್ಕೆ ಬಣ್ಣ ಎರಡು ಸೆಕೆಂಡಿನಲ್ಲಿ ವಾಪಸ್ ಬರಬೇಕು. ಮೂರು ದಾಟಿ, ಕೈಕಾಲು ತಣ್ಣಗಿದ್ದು, ನಾಡಿ ಸಣ್ಣಗೆ ಓಡುತ್ತಿದ್ದರೆ ಅದು ಶಾಕ್, ಅಂದರೆ ಮೈಗೆ ಬೇಕಾದಷ್ಟು ರಕ್ತ ಹರಿಯುತ್ತಿಲ್ಲ. ಬಿಪಿ ನಾರ್ಮಲ್ ಇದೆ ಅಂತ ಸಮಾಧಾನ ಪಡುವ ಹಾಗಿಲ್ಲ, ಮಕ್ಕಳ ಬಿಪಿ ಕೊನೆಯವರೆಗೂ ಹಿಡಿದುಕೊಂಡಿದ್ದು ಆಮೇಲೆ ದಿಢೀರ್ ಬೀಳುತ್ತದೆ. ಮಂಕಾಗಿರುವ, ಫಿಟ್ಸ್ ಬಂದಿರುವ ಮಗುವಿಗೆ ಬೆರಳು ಚುಚ್ಚಿ ಶುಗರ್ ನೋಡುವುದೂ ಆಗಲೇ.

103 ಡಿಗ್ರಿ ಅನ್ನುವ ಅಂಕಿ ಒಂದನ್ನೇ ಇಟ್ಟುಕೊಂಡು ನಾವು ಓಡುವುದಿಲ್ಲ. ಹಾಗಂತ ಎರಡು ತಿಂಗಳ ಒಳಗಿನ ಕೂಸಿಗೆ ಜ್ವರ ಬಂದರೆ ಕಾಯಿಸುವುದೂ ಇಲ್ಲ. ಡೆಂಗ್ಯೂನಲ್ಲಂತೂ ಜ್ವರ ಬಿಟ್ಟಾಗಲೇ ಅಪಾಯ. 2024ರ ಮಳೆಗಾಲದಲ್ಲಿ ಹಾಸನ, ಚಿಕ್ಕಮಗಳೂರು ಎರಡೂ ಕಡೆ ಡೆಂಗ್ಯೂ ಜೋರಾಗಿತ್ತಲ್ವಾ? ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿದು, ಹೊಟ್ಟೆ ನೋವು, ಪದೇ ಪದೇ ವಾಂತಿ, ತಣ್ಣನೆಯ ಕೈಕಾಲು ಶುರುವಾದರೆ ‘ಸದ್ಯ, ಜ್ವರ ಬಿಡ್ತು’ ಅಂತ ಮನೆಯಲ್ಲಿ ಉಳಿಯಬೇಡಿ.

ಇನ್ನು ಎಲ್ಲಿಗೆ ಹೋಗಬೇಕು ಅನ್ನುವುದು. ಮಗು ಆಡುತ್ತಾ, ಕುಡಿಯುತ್ತಾ ಇದ್ದರೆ ನಿಮಗೆ ಅನುಕೂಲವಾದ ಕಡೆ ತೋರಿಸಿ. ಎದ್ದೇಳಿಸಿದರೂ ಎಚ್ಚರ ಆಗದಿದ್ದರೆ, ಹಾಲು ನೀರು ಏನೂ ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ತುಟಿ ನೀಲಿಯಾದರೆ, ಪಕ್ಕೆ ಸೆಳೆದರೆ 108ಕ್ಕೆ ಫೋನ್ ಮಾಡಿ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೇ ಹೋಗಿ. ಅಲ್ಲಿಂದ ಹಾಸನಕ್ಕೆ ಇನ್ನೂ ಸುಮಾರು 40 ಕಿಲೋಮೀಟರ್ ಇದೆ. ಆಕ್ಸಿಜನ್ ಇಲ್ಲದ ಕಾರಿನಲ್ಲಿ ಅಷ್ಟು ದೂರ ಬರುವುದಕ್ಕಿಂತ, ಅಲ್ಲಿ ಆಕ್ಸಿಜನ್, ಡ್ರಿಪ್ ಹಾಕಿಸಿಕೊಂಡು ಆಂಬುಲೆನ್ಸ್‌ನಲ್ಲಿ ಬರುವುದು ವಾಸಿ. ರೆಫರ್ ಆಗಿ ಬಂದ ಮಗುವನ್ನು ನಾವೂ ಬೇಗ ನೋಡುತ್ತೇವೆ. ಫಿಟ್ಸ್ ಇದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ತೋಟಕ್ಕೆ ಹೊಡೆಯುವ ಔಷಧಿ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಆ ಬಾಟಲಿ ತನ್ನಿ.

ಬರುವಾಗ ಜ್ವರದ ಸಿರಪ್ ಎಷ್ಟು ಗಂಟೆಗೆ ಎಷ್ಟು ಹಾಕಿದಿರಿ, ಕೊನೆಯ ಸಲ ಮೂತ್ರ ಯಾವಾಗ ಮಾಡಿತು, ಎರಡನ್ನೂ ನೆನಪಿಟ್ಟುಕೊಳ್ಳಿ. ಮಕ್ಕಳ ಔಷಧಿಯೆಲ್ಲ ತೂಕದ ಲೆಕ್ಕ, ಹಾಗಾಗಿ ತಾಯಿ ಕಾರ್ಡನ್ನೂ ಮರೆಯದೆ ತನ್ನಿ. ಅಂಗನವಾಡಿಯಲ್ಲಿ ಕೊನೆಗೆ ಬರೆದ ತೂಕ ಅದರಲ್ಲಿ ಇರುತ್ತದೆ.