ಒಮ್ಮೆ ಒತ್ತಿದರೆ ಎರಡು ಸಲ ಉಳಿಸುವ ಬಟನ್: ದೋಷ ಬಟನ್ನಿನದಲ್ಲ

ಸ್ವಿಂಗ್ (ಜಾವಾ ಭಾಷೆಯಲ್ಲಿ ಕಿಟಕಿ, ಬಟನ್ನುಗಳನ್ನು ಕಟ್ಟುವ ಸಲಕರಣೆ) ಕಿಟಕಿಯ ಬಟನ್ನನ್ನು ಒಮ್ಮೆ ಒತ್ತಿದರೂ ದಾಖಲೆ ಎರಡು ಸಲ ಉಳಿಯುತ್ತಿದೆ, ಒತ್ತಿದ ಕೂಡಲೇ ಬಟನ್ನನ್ನು ನಿಷ್ಕ್ರಿಯಗೊಳಿಸುವುದು ಸರಿಯೋ, ಅರ್ಧ ಸೆಕೆಂಡಿನೊಳಗೆ ಬರುವ ಎರಡನೆಯ ಕರೆಯನ್ನು ಕಡೆಗಣಿಸುವುದು ಸರಿಯೋ ಎಂದು ಕೇಳಿದ್ದೀರಿ. ಎರಡೂ ಬೇಡ. ಇವೆರಡನ್ನೂ ನಾನು ಇದೇ ಕ್ರಮದಲ್ಲಿ ಮಾಡಿ ನೋಡಿದವನು.

ಚಿಕ್ಕಮಗಳೂರಿನ ಕಾಫಿ ವ್ಯಾಪಾರಿಯೊಬ್ಬರಿಗೆ ಜಾವಾ ಸ್ವಿಂಗ್‌ನಲ್ಲಿ ಖರೀದಿ ಲೆಕ್ಕದ ತಂತ್ರಾಂಶ ಬರೆದುಕೊಟ್ಟಿದ್ದೆ. ಅರೇಬಿಕಾ ಕೊಯ್ಲು ಜೋರಾಗಿದ್ದ ಡಿಸೆಂಬರಿನ ಒಂದು ಸಂಜೆ ಅಲ್ಲಿಯ ಗುಮಾಸ್ತರು ಫೋನ್ ಮಾಡಿ, "ಸಾರ್, ತೂಕದ ಚೀಟಿಯಲ್ಲಿ 12 ಮೂಟೆ ಇದೆ, ಕಂಪ್ಯೂಟರ್ 36 ತೋರಿಸ್ತಿದೆ" ಎಂದರು. ಒಬ್ಬ ಬೆಳೆಗಾರರ 600 ಕಿಲೋ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಣಗಿಸಿದ, ಒಳಸಿಪ್ಪೆ ಇರುವ ಕಾಫಿ ಬೀಜ) ಪುಸ್ತಕದಲ್ಲಿ 1,800 ಕಿಲೋ ಆಗಿತ್ತು. ಹಣ ಪಾವತಿಯಾಗುವ ಮೊದಲೇ ಅವರು ಚೀಟಿಯನ್ನು ತಾಳೆ ನೋಡಿದ್ದು ನನ್ನ ಪುಣ್ಯ.

ನನ್ನ ತಪ್ಪು ಒಂದೇ ಸಾಲಿನದು. ಖರೀದಿಯ ಕಿಟಕಿಯನ್ನು ಒಮ್ಮೆ ಮಾತ್ರ ಸೃಷ್ಟಿಸಿ, ಮೆನುವಿನಲ್ಲಿ ಆರಿಸಿದಾಗಲೆಲ್ಲ ಅದನ್ನೇ ಮತ್ತೆ ತೋರಿಸುತ್ತಿದ್ದೆ. ಹಾಗೆ ತೋರಿಸುವ ಮುನ್ನ ಬೆಳೆಗಾರರ ಪಟ್ಟಿಯನ್ನು ಹೊಸದಾಗಿ ತುಂಬುವ ಮೆಥಡ್ (ಹೆಸರಿಟ್ಟು ಕರೆಯುವ ಕೋಡಿನ ತುಂಡು) ಒಂದಿತ್ತು. 'ಉಳಿಸು' ಬಟನ್ನಿಗೆ ಲಿಸನರ್ (ಬಟನ್ ಒತ್ತಿದಾಗ ಓಡುವ ಕೋಡು) ಸೇರಿಸುವ ಆ್ಯಡ್‌ಆಕ್ಷನ್‌ಲಿಸನರ್ ಸಾಲನ್ನೂ ಅದರೊಳಗೇ ಬರೆದಿದ್ದೆ. 1997ರಲ್ಲಿ ಜಾವಾ 1.1ರೊಂದಿಗೆ ಬಂದ ಈ ಪದ್ಧತಿಯಲ್ಲಿ ಒಂದು ಬಟನ್ನಿಗೆ ಎಷ್ಟು ಲಿಸನರ್‌ಗಳನ್ನಾದರೂ ಸೇರಿಸಬಹುದು, ಹೊಸದು ಹಳೆಯದನ್ನು ತೆಗೆದುಹಾಕುವುದಿಲ್ಲ. ಬೆಳಿಗ್ಗೆ ಕಿಟಕಿ ತೆರೆದಾಗ ಒಂದು, ಊಟ ಮುಗಿಸಿ ಬಂದು ತೆರೆದಾಗ ಎರಡು, ಸಂಜೆಗೆ ಮೂರು. ಮರುದಿನ ತಂತ್ರಾಂಶವನ್ನು ಹೊಸದಾಗಿ ಆರಂಭಿಸಿದರೆ ಮತ್ತೆ ಒಂದೇ. ಪರೀಕ್ಷಿಸುವಾಗ ನಾನು ಪ್ರತಿಸಲವೂ ಕಿಟಕಿಯನ್ನು ಒಮ್ಮೆ ಮಾತ್ರ ತೆರೆಯುತ್ತಿದ್ದುದರಿಂದ ಇದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಗುಮಾಸ್ತರು ಎರಡೆರಡು ಸಲ ಒತ್ತುತ್ತಿದ್ದಾರೆಂದು ಭಾವಿಸಿ ಬಟನ್ನನ್ನು ನಿಷ್ಕ್ರಿಯಗೊಳಿಸಿದೆ, ಪ್ರಯೋಜನವಾಗಲಿಲ್ಲ. ಒತ್ತಿದ್ದು ಒಂದೇ ಸಲ, ಆ ಒಂದು ಒತ್ತಿಗೇ ಲಿಸನರ್‌ಗಳೆಲ್ಲ ಸಾಲಾಗಿ ಕರೆಯಲ್ಪಡುತ್ತವೆ, ನಡುವೆ ಬಟನ್ ನಿಷ್ಕ್ರಿಯವಾದರೂ ಆ ಸಾಲು ನಿಲ್ಲುವುದಿಲ್ಲ. ಬಳಿಕ ಅರ್ಧ ಸೆಕೆಂಡಿನ ತಡೆ ಹಾಕಿದೆ. ಅದು ಕೆಲವು ದಿನ ದೋಷವನ್ನು ಮುಚ್ಚಿಟ್ಟಿತು, ಅಷ್ಟೆ. ಒಂದು ಲಿಸನರ್ ಕೆಲಸ ಮುಗಿಸಿದ ಮೇಲೆಯೇ ಇನ್ನೊಂದರ ಸರದಿ. ಹಳೆಯ ಕಂಪ್ಯೂಟರಿನಲ್ಲಿ ಉಳಿಸುವುದಕ್ಕೇ ಅರ್ಧ ಸೆಕೆಂಡಿಗಿಂತ ಹೆಚ್ಚು ಹಿಡಿದಾಗ ಎರಡನೆಯದು ತಡೆಯನ್ನು ದಾಟಿ ಹೋಯಿತು.

ಆದ್ದರಿಂದ ಮೊದಲು 'ಉಳಿಸು' ಕೆಲಸದ ಆರಂಭದಲ್ಲಿ ಬಟನ್ನಿನ ಗೆಟ್‌ಆಕ್ಷನ್‌ಲಿಸನರ್ಸ್ ಎಷ್ಟು ಲಿಸನರ್‌ಗಳನ್ನು ಕೊಡುತ್ತದೆಂದು ಮುದ್ರಿಸಿ, ಕಿಟಕಿಯನ್ನು ಮುಚ್ಚಿ ತೆರೆದು ನೋಡಿ. ಸಂಖ್ಯೆ ಏರುತ್ತಿದ್ದರೆ ಆ ಸಾಲನ್ನು ಕನ್‌ಸ್ಟ್ರಕ್ಟರಿಗೆ (ಕಿಟಕಿ ಸೃಷ್ಟಿಯಾಗುವಾಗ ಒಮ್ಮೆ ಮಾತ್ರ ಓಡುವ ಕೋಡಿಗೆ) ಸಾಗಿಸಿ. ಹಳೆಯದನ್ನು ತೆಗೆದು ಹೊಸದನ್ನು ಸೇರಿಸುವ ದಾರಿ ಹಿಡಿಯುವುದಾದರೆ, ಸೇರಿಸಿದ ಅದೇ ಲಿಸನರ್ ಆಬ್ಜೆಕ್ಟನ್ನು ಒಂದು ಫೀಲ್ಡಿನಲ್ಲಿ (ಕಿಟಕಿಯೊಂದಿಗೇ ಉಳಿಯುವ ಹೆಸರಿನಲ್ಲಿ) ಇಟ್ಟುಕೊಂಡು ಅದನ್ನೇ ತೆಗೆಯಲು ಕೊಡಬೇಕು. ತೆಗೆಯುವ ಸಾಲಿನಲ್ಲಿ ಅದೇ ಲ್ಯಾಂಬ್ಡಾವನ್ನು (ಲಿಸನರ್ ಆಗಿ ಕೊಡುವ ಹೆಸರಿಲ್ಲದ ಕೋಡಿನ ತುಂಡನ್ನು) ಮತ್ತೊಮ್ಮೆ ಬರೆದರೆ ಅದು ಬೇರೆಯೇ ಆಬ್ಜೆಕ್ಟ್ ಆಗುವುದರಿಂದ ಏನೂ ತೆಗೆಯಲ್ಪಡುವುದಿಲ್ಲ, ದೋಷದ ಸೂಚನೆಯೂ ಬರುವುದಿಲ್ಲ. ಸಂಖ್ಯೆ ಸದಾ 1 ಆಗಿಯೇ ಇದ್ದರೆ ಮಾತ್ರ ದೋಷವನ್ನು ಉಳಿಸುವ ಕೋಡಿನೊಳಗೆ ಹುಡುಕಿ.