ಒಂದೇ ಒಲೆಯ ಊಟ, ಎರಡು ಬಗೆಯ ತೂಕ

ಪ್ರಶ್ನೆ: ನನಗೆ 46 ವರ್ಷ, ನನ್ನ ವಾರಗಿತ್ತಿಗೆ 33. ಕೂಡು ಕುಟುಂಬವಾದ್ದರಿಂದ ಇಬ್ಬರದೂ ಒಂದೇ ಒಲೆಯ ಊಟ. ಯುಗಾದಿಯಿಂದ ಈಚೆಗೆ ಇಬ್ಬರೂ ಬೆಳಿಗ್ಗೆ ಕುಂದವಾಡ ಕೆರೆಯ ಬಳಿ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುತ್ತೇವೆ. ಭಾನುವಾರದ ಬೆಣ್ಣೆದೋಸೆ, ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಎರಡನ್ನೂ ಬಿಟ್ಟಿದ್ದೇವೆ. ಆರು ತಿಂಗಳಲ್ಲಿ ಅವಳು 84 ಕಿಲೋದಿಂದ 76ಕ್ಕೆ ಇಳಿದಳು. ನಾನು 70ರಿಂದ 67ಕ್ಕೆ ಬಂದು ಅಲ್ಲೇ ನಿಂತಿದ್ದೇನೆ. ಹಿಂದೆಯೂ ಎರಡು ಸಲ ಪಥ್ಯ ಮಾಡಿ ಇಳಿಸಿ, ಮತ್ತೆ ಏರಿಸಿಕೊಂಡಿದ್ದೆ. ಅರೆತಲೆನೋವಿಗೆ ಒಂದು ವರ್ಷದಿಂದ ವಾಲ್‌ಪ್ರೊಯೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಾನು ಕದ್ದು ತಿನ್ನುತ್ತೇನೆಂದು ಮನೆಯಲ್ಲಿ ನಗುತ್ತಾರೆ. ವಯಸ್ಸಿನ ದೋಷವೇ, ನನ್ನ ದೋಷವೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲು ಮಾತ್ರೆಯ ವಿಷಯ. ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಈ ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ವಾಲ್‌ಪ್ರೊಯೇಟ್ ಹಲವರಲ್ಲಿ ಹಸಿವನ್ನು ಹೆಚ್ಚಿಸಿ ತೂಕವನ್ನು ಏರಿಸುತ್ತದೆ. ಅರೆತಲೆನೋವಿಗೆ ಕೊಡುವ ಫ್ಲೂನರಿಜಿನ್ ಮತ್ತು ಅಮಿಟ್ರಿಪ್ಟಿಲಿನ್, ಸಕ್ಕರೆ ಕಾಯಿಲೆಗೆ ಕೊಡುವ ಇನ್ಸುಲಿನ್, ದೀರ್ಘಕಾಲ ಸೇವಿಸುವ ಸ್ಟೀರಾಯ್ಡ್ ಇವುಗಳ ಗುಣವೂ ಹಾಗೆಯೇ. ಇಂತಹ ಮಾತ್ರೆಯನ್ನು ಸೇವಿಸುತ್ತಲೇ 3 ಕಿಲೋ ಇಳಿಸಿರುವವರನ್ನು ಕದ್ದು ತಿನ್ನುವವರೆಂದು ನಗುವುದು ನ್ಯಾಯವಲ್ಲ. ಆದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ತೂಕ ಏರಿಸದ ಬೇರೆ ಔಷಧಿ ನಿಮಗೆ ಹೊಂದುತ್ತದೆಯೇ ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ಇನ್ನು ವಾರಗಿತ್ತಿಯೊಂದಿಗಿನ ಹೋಲಿಕೆ. ಭಾರವಾದ ದೇಹವನ್ನು ಹೊತ್ತು ನಡೆಯಲು ಹೆಚ್ಚು ಶಕ್ತಿ ಬೇಕು. ಮುಕ್ಕಾಲು ಗಂಟೆಯ ಅದೇ ನಡಿಗೆಗೆ ನಿಮ್ಮಲ್ಲಿ ಸುಮಾರು 200 ಕ್ಯಾಲರಿ ಖರ್ಚಾದರೆ, 84 ಕಿಲೋ ಇದ್ದಾಗ ಅವರಲ್ಲಿ 250ರ ಆಸುಪಾಸು ಖರ್ಚಾಗುತ್ತಿತ್ತು. ಆದ್ದರಿಂದ ಕಿಲೋ ಲೆಕ್ಕಕ್ಕಿಂತ ಶೇಕಡಾ ಲೆಕ್ಕ ಮೇಲು. ಅವರು ಇಳಿಸಿದ್ದು ತಮ್ಮ ತೂಕದ ಶೇ. 9.5, ನೀವು ಶೇ. 4.3. ಅಂತರ ಆಗಲೂ ಉಳಿಯುತ್ತದೆ, ಆದರೆ 8ಕ್ಕೆ 3 ಎಂಬಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಉಳಿದ ಅಂತರದಲ್ಲಿ ಹುಟ್ಟುಗುಣದ ಪಾಲು ದೊಡ್ಡದು. 1990ರಲ್ಲಿ ಕೆನಡಾದ ಸಂಶೋಧಕರು ತದ್ರೂಪಿ ಅವಳಿ ಯುವಕರ 12 ಜೋಡಿಗಳಿಗೆ ವಾರದಲ್ಲಿ ಆರು ದಿನದಂತೆ ಒಟ್ಟು 84 ದಿನ, ದಿನಕ್ಕೆ 1,000 ಕ್ಯಾಲರಿ ಹೆಚ್ಚುವರಿಯಾಗಿ ಉಣಿಸಿದ ಪ್ರಯೋಗವನ್ನು ಪ್ರಕಟಿಸಿದರು. ಅಷ್ಟೇ ಉಂಡರೂ ಒಬ್ಬನ ತೂಕ 4.3 ಕಿಲೋ ಮಾತ್ರ ಏರಿತು, ಇನ್ನೊಬ್ಬನದು 13.3 ಕಿಲೋ; ಆದರೆ ಒಂದೇ ಜೋಡಿಯ ಅಣ್ಣತಮ್ಮಂದಿರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಏರಿದರು. ಮುಂದೆ ಅದೇ ತಂಡ ಅವಳಿಗಳಿಂದ ಸೈಕಲ್ ತುಳಿಸಿ ತೂಕ ಇಳಿಸಿದಾಗಲೂ ಇದೇ ಬಗೆಯ ಹೋಲಿಕೆ ಕಂಡಿತು. ನೀವು ಮತ್ತು ವಾರಗಿತ್ತಿ ಒಂದು ಮನೆಗೆ ಸೊಸೆಯರಾಗಿ ಬಂದವರು, ಒಂದು ರಕ್ತದವರಲ್ಲ. ಒಲೆ ಒಂದಾದ ಮಾತ್ರಕ್ಕೆ ಉಂಡದ್ದನ್ನು ಕೊಬ್ಬಾಗಿ ಕೂಡಿಡುವ ರೀತಿ ಒಂದಾಗುವುದಿಲ್ಲ.

ಹಾಗೆಂದು ಪಥ್ಯವನ್ನು ಬದಲಿಸುತ್ತಾ ಹೋಗುವುದರಲ್ಲೂ ನನಗೆ ನಂಬಿಕೆಯಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಒಂದು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬು ಕಡಿಮೆ ಮಾಡಿದವರಿಗೂ ಪಿಷ್ಟ ಕಡಿಮೆ ಮಾಡಿದವರಿಗೂ ಸರಾಸರಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಬರಲಿಲ್ಲ. ಆದರೆ ಎರಡೂ ಗುಂಪುಗಳಲ್ಲಿ ಬಹಳ ಇಳಿದವರೂ ಇದ್ದರು, ಇದ್ದುದಕ್ಕಿಂತ ಏರಿದವರೂ ಇದ್ದರು. ಮುದ್ದೆ ಬಿಟ್ಟು ಜೋಳದ ರೊಟ್ಟಿ ಹಿಡಿದರೆ ಇಳಿಯುತ್ತದೆಂದು ನೆರೆಯವರು ಹೇಳಿದರೆ ಕೇಳಿಸಿಕೊಂಡು ಸುಮ್ಮನಿರಿ.

ವಯಸ್ಸಿನ ಮೇಲೆ ಪೂರ್ತಿ ಹೊರೆ ಹಾಕುವುದೂ ಸರಿಯಲ್ಲ. ದೇಹದ ಗಾತ್ರ ಮತ್ತು ಸ್ನಾಯುವಿನ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60 ವರ್ಷದವರೆಗೆ ಶಕ್ತಿಯ ಖರ್ಚು ಬಹುಮಟ್ಟಿಗೆ ಸ್ಥಿರವಾಗಿರುತ್ತದೆ ಎಂದು 29 ದೇಶಗಳ ಜನರನ್ನು ಅಳೆದ 2021ರ ಅಧ್ಯಯನವೊಂದು ತೋರಿಸಿದೆ. ನಿಮ್ಮ ಹಿಂದಿನ ಎರಡು ಪಥ್ಯಗಳು ಕೈಕೊಟ್ಟದ್ದಕ್ಕೆ ಬೇರೆ ಕಾರಣವಿರಬಹುದು: ತೂಕ ಇಳಿದಾಗ ಹಸಿವನ್ನು ಅಡಗಿಸುವ ಲೆಪ್ಟಿನ್ ತಗ್ಗಿ, ಹಸಿವನ್ನು ಕೆರಳಿಸುವ ಗ್ರೆಲಿನ್ ಏರುತ್ತದೆ, ಮತ್ತು ಈ ಏರುಪೇರು ಒಂದು ವರ್ಷದ ನಂತರವೂ ಉಳಿದಿರುವುದನ್ನು 2011ರ ಅಧ್ಯಯನವೊಂದರಲ್ಲಿ ಅಳೆದು ನೋಡಿದ್ದಾರೆ.

ಒಂದು ಅನುಮಾನ ಮಾತ್ರ ನನಗಿದೆ, ಬೇಸರಿಸಬೇಡಿ. ಕೂಡು ಕುಟುಂಬದಲ್ಲಿ ಕೊನೆಗೆ ಉಣ್ಣುವ ಹಿರಿಯ ಸೊಸೆ ಮಿಕ್ಕಿದ್ದನ್ನು ಚೆಲ್ಲಲಾರದೆ ತಟ್ಟೆಗೆ ಹಾಕಿಕೊಳ್ಳುವುದುಂಟು. ಅದು ಕದ್ದು ತಿನ್ನುವುದಲ್ಲ, ಆದರೆ ಲೆಕ್ಕಕ್ಕೆ ಸಿಗದ ಊಟ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲರಿ ಇರುತ್ತದೆ. ಎರಡು ವಾರ, ಬಾಯಿಗೆ ಹೋದದ್ದನ್ನೆಲ್ಲ ಆಗಿಂದಾಗಲೇ ಬರೆದಿಡಿ.

ಮೂಲ ತೂಕದ ಶೇ. 5ರಷ್ಟು ಇಳಿದರೆ ರಕ್ತದೊತ್ತಡ ಮತ್ತು ಸಕ್ಕರೆಯಲ್ಲಿ ಸುಧಾರಣೆ ಕಾಣತೊಡಗುತ್ತದೆ. ನಿಮಗೆ ಅದು ಮೂರೂವರೆ ಕಿಲೋ, ಎಂದರೆ ಇನ್ನು ಅರ್ಧ ಕಿಲೋ. ನಿಮ್ಮ ಎತ್ತರವನ್ನೂ ಸೊಂಟದ ಸುತ್ತಳತೆಯನ್ನೂ ನೀವು ಬರೆದಿಲ್ಲ. ನಮ್ಮ ದೇಶದ ಹೆಂಗಸರಿಗೆ ಸುತ್ತಳತೆ 80 ಸೆಂಟಿಮೀಟರ್ ದಾಟಬಾರದೆಂಬ ಮಿತಿಯಿದೆ. ಅಳೆದು, ಅದನ್ನೂ ವೈದ್ಯರಿಗೆ ತಿಳಿಸಿ.