ಹೊಸ ಮಾಸಿಕ ಕಾಮಿಕ್ಸ್ ಸಂಚಿಕೆಗೆ ಸರಿಯಾಗಿ ರೇಟಿಂಗ್ ಕೊಡೋದು ಯಾಕೆ ಕಷ್ಟ?

ಯಾಕಂದ್ರೆ ಕೈಗೆ ಬಂದಿರುವುದು ಇಡೀ ಕಥೆಯಲ್ಲ, ಒಂದು ತುಂಡು. ಅಮೆರಿಕದ ಮಾಸಿಕ ಕಾಮಿಕ್ಸ್‌ನ ಒಂದು ಸಂಚಿಕೆಯಲ್ಲಿ ಸಾಮಾನ್ಯವಾಗಿ 20 ಪುಟದಷ್ಟು ಕಥೆ ಇರುತ್ತದೆ. ಐದಾರು ಸಂಚಿಕೆ ಸೇರಿಸಿ ಆಮೇಲೆ ಪುಸ್ತಕ ಮಾಡುತ್ತಾರೆ. ಹಾಗಾಗಿ ಬರೆಯುವವರೂ ಆ ಅಳತೆಗೇ ಕಥೆ ಹೆಣೆಯುವುದು ಜಾಸ್ತಿ.

1986ರಲ್ಲಿ ಶುರುವಾದ, 12 ಸಂಚಿಕೆಗಳ ಕಾಮಿಕ್ಸ್ ಸರಣಿ ‘ವಾಚ್‌ಮೆನ್’ ನೋಡಿ. ಮೊದಲ ಪುಟದಲ್ಲಿ ನಗುಮುಖದ ಹಳದಿ ಬ್ಯಾಡ್ಜ್, ಅದರ ಮೇಲೆ ರಕ್ತದ ಕಲೆ. ಅದೇ ನಗುಮುಖ 12ನೇ ಸಂಚಿಕೆಯ ಕೊನೆಯಲ್ಲಿ ಒಬ್ಬನ ಟೀಶರ್ಟ್ ಮೇಲೆ, ಈ ಸಲ ಕೆಚಪ್ ಕಲೆಯೊಂದಿಗೆ, ವಾಪಸ್ ಬರುತ್ತದೆ. ಮೊದಲ ತಿಂಗಳೇ ಇದಕ್ಕೆ ಅಂಕ ಹಾಕೋದು ಹೇಗೆ, ಅಲ್ವಾ?

ನಾನಂತೂ ಚಿತ್ರ, ಮಾತು, ಕೊನೆಯ ಪುಟದ ಸೆಳೆತ, ಇಷ್ಟಕ್ಕೆ ಮಾತ್ರ ಅಂಕ ಕೊಡುತ್ತೇನೆ. ಸುಮ್ನೆ ಹತ್ತಕ್ಕೆ ಹತ್ತು ಕೊಟ್ಟರೆ ಮುಂದಿನ ತಿಂಗಳು ಪೇಚಾಟ.